ಸಂದಿಗೆ ಬೆಳಕು ಬಿಟ್ಟ ದಿನ

ನಮ್ಮ ಮನೆಯ ಸಂದಿಯಲ್ಲಿ ನಡುಮಧ್ಯಾಹ್ನವೂ ಕತ್ತಲೆ. ಸುರಪುರದ ಹಳೇ ಓಣಿಯ ಮನೆಗಳೆಲ್ಲ ಹೀಗೇ. ಎಡಕ್ಕೆ ಒಬ್ಬರ ಗೋಡೆ, ಬಲಕ್ಕೆ ಇನ್ನೊಬ್ಬರ ಗೋಡೆ, ಹಿಂದೆ ಮತ್ತೊಬ್ಬರದು. ಬೀದಿ ಕಡೆಗೆ ಪಡಸಾಲೆ. ಪಡಸಾಲೆ ದಾಟಿದರೆ ಈ ಉದ್ದನೆಯ ಸಂದಿ. ಸಂದಿಯ ಕೊನೆಗೆ ಅಡುಗೆಮನೆ, ಅದರ ಮಗ್ಗುಲಿಗೆ ಒಂದು ಸಣ್ಣ ಕೋಣೆ. ಹಿತ್ತಿಲ ಬಾಗಿಲು ಇಲ್ಲ. ಒಳಗೆ ಹೋದವರು ಹೋದ ದಾರಿಯಲ್ಲೇ ಹೊರಗೆ ಬರಬೇಕು. ಸಂದಿಗೆ ಕಿಟಕಿ ಇಡಿಸು ಎಂದು ಹೇಳಿದವರಿಗೆ ನಾನು ಕೇಳುತ್ತಿದ್ದೆ, ಇಟ್ಟರೆ ಪಕ್ಕದವರ ದೇವರಮನೆಗೆ ಇಡಬೇಕು, ನೀವು ಕೇಳಿಕೊಂಡು ಬರುತ್ತೀರೇನು ಎಂದು.

ಆ ಸಂದಿಯ ಕೊನೆಯ ಕೋಣೆ ನನ್ನ ನಾದಿನಿಯದು. ನಮ್ಮ ಯಜಮಾನರ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು, ನಾನು ಸೊಸೆಯಾಗಿ ಬರುವುದಕ್ಕೂ ಮೊದಲೇ ಬಂದು ಕೂತಿದ್ದಳು. ಅವಳ ನನ್ನ ಜಗಳ ನನ್ನ ಮದುವೆಯಷ್ಟೇ ಹಳೆಯದು. ಈಗ ನನಗೆ ಮೊಮ್ಮಕ್ಕಳಾಗಿದ್ದಾರೆ, ಅವಳು ಇನ್ನೂ ನನ್ನನ್ನು “ಏ ಹುಡುಗೀ” ಎಂದೇ ಕರೆಯುತ್ತಾಳೆ. ಕಣ್ಣಿಗೆ ಪೊರೆ ಬಂದು ಮಬ್ಬಾಗಿದೆ. ಆಪರೇಶನ್ ಮಾಡಿಸೋಣ ಎಂದರೆ ಒಲ್ಲೆ ಎನ್ನುತ್ತಾಳೆ. ಬಾಯಿ ಮಾತ್ರ ಚೊಕ್ಕ ಇದೆ.

ಸೊಸೆ ಬಂದ ಮೇಲೆ ಸಂದಿಗೆ ಉಪಚಾರ ಶುರುವಾಯಿತು. ಅವಳು ಮೊಬೈಲಿನಲ್ಲಿ ನೋಡಿ ಬಿಳೀ ಆಯಿಲ್ ಪೇಂಟ್ ಬಳಿಸಿದಳು. ಒಲೆಯ ಹೊಗೆಗೆ ವರ್ಷ ತುಂಬುವುದರಲ್ಲಿ ಅದು ಚಹಾದ ಬಣ್ಣಕ್ಕೆ ಬಂತು. ಪಡಸಾಲೆಯ ಬೆಳಕು ಹೊಡೆಯಲಿ ಎಂದು ಗೋಡೆಗೆ ದೊಡ್ಡ ಕನ್ನಡಿ ಹಾಕಿಸಿದಳು. ನಾದಿನಿ ಅದರ ಮುಂದೆ ನಿಂತು, “ಯಾರೋ ಮುದುಕಿ ಬಂದು ನಿಂತಾಳ, ಕುಂದ್ರು ಅನ್ನಾಕ ನಿಮಗ ಬಾಯಿಲ್ಲೇನಬೇ?” ಎಂದು ನಮ್ಮನ್ನೇ ಬೈದಳು. ಕನ್ನಡಿ ಇಳಿಯಿತು. ಬಲ್ಬು ಇತ್ತು, ಇಲ್ಲವೆಂದಲ್ಲ. ತಗಡಿನ ಟೊಪ್ಪಿಗೆಯ ಕೆಳಗೆ ತೂಗುತ್ತಿತ್ತು, ನೆಲಕ್ಕೆ ಮಾತ್ರ ಬೆಳಕು. ಆದರೆ ಹಗಲು ಹೊತ್ತು ಹಾಕಿದರೆ ನಾದಿನಿ ಗೋಡೆ ತಡವಿಕೊಂಡು ಹೋಗಿ ಆರಿಸಿಯೇ ಬಿಡುತ್ತಿದ್ದಳು.

“ಹಾಡಾಹಗಲೇ ದೀಪ ಉರಸ್ತಾರೇನಬೇ? ಮನ್ಯಾಗ ಹೆಣ ಅದ ಏನು?”

ನಮ್ಮಲ್ಲಿ ಹಗಲು ದೀಪ ಉರಿಯುವುದು ಸತ್ತವರ ತಲೆದಿಸೆಗೆ. ಅದು ನನಗೂ ಗೊತ್ತಿರುವುದೇ, ಹಾಗಾಗಿ ನಾನೂ ಎದುರು ಮಾತಾಡುತ್ತಿರಲಿಲ್ಲ.

ಹೀಗೆ ಆರಿಸಿ ವಾಪಸ್ ಬರುವಾಗ ಒಂದು ದಿನ ಸಂದಿಯಲ್ಲಿಟ್ಟ ನೀರಿನ ಕೊಡಕ್ಕೆ ಎಡವಿ ಬಿದ್ದಳು. ಶಹಾಪುರದ ದವಾಖಾನೆಗೆ ಒಯ್ದೆವು. ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, “ಟೊಂಕದ ಎಲುಬು ಮುರದಿಲ್ಲ, ನಸೀಬ ಚಲೋ ಅದ. ಆದ್ರ ಇನ್ನೊಮ್ಮೆ ಬಿದ್ರ ಏಳೂದಿಲ್ಲ ನೋಡ್ರಿ. ಅಡ್ಡಾಡೋ ದಾರ್ಯಾಗ ಬೆಳಕ ಇಡ್ರಿ” ಎಂದರು. ಮನೆಗೆ ಬಂದವರೇ ಯಜಮಾನರು ಹೇಳಿದರು, ಮಾಳಿಗೆಗೆ ಬೆಳಕಿಂಡಿ ತೆಗೆಸೋಣ, ಸೂರ್ಯನ ಬೆಳಕನ್ನು ಅವಳು ಹೇಗೆ ಆರಿಸುತ್ತಾಳೋ ನೋಡೋಣ ಎಂದು.

ನಮ್ಮದು ಮಣ್ಣಿನ ಮಾಳಿಗೆ. ಕೆಳಗೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಮೇಲೆ ಹಾಕುವುದು ಸವುಳು ಮಣ್ಣು, ಕೆರೆಯಂಚಿನ ಬಿಳಿ ಉಪ್ಪುಮಣ್ಣು. ಅದು ನೀರು ಇಳಿಯಗೊಡುವುದಿಲ್ಲ. ಪ್ರತಿ ವರ್ಷ ಮಳೆಯ ಮುಂದೆ ಮೇಲೊಂದು ಹಾಸು ಹಾಕಿಸುತ್ತೇವೆ. ಹಳೆಯದನ್ನು ತೆಗೆದು ಹೊಸದು ಹಾಕುವ ಪದ್ಧತಿ ಯಾರ ಮನೆಯಲ್ಲೂ ಇಲ್ಲ. ನಮ್ಮ ಅತ್ತೆ ಹಾಕಿಸಿದರು, ಅವರ ಅತ್ತೆಯೂ ಹಾಕಿಸಿರಬೇಕು. ಸೋರಲಿಲ್ಲ ಎಂದರೆ ಮಾಳಿಗೆ ಚೆನ್ನಾಗಿದೆ ಎಂದೇ ಲೆಕ್ಕ.

ಕೆಲಸ ಹಿಡಿದದ್ದು ಒಂದು ಸೋಮವಾರ. ಮಗ ಅಂಗಡಿಯ ಮಾಲು ತರಲು ಯಾದಗಿರಿಗೆ ಹೋಗಿದ್ದ. ಮನೆ ಕಟ್ಟುವ ಗೌಂಡಿ, ಅವನ ತಮ್ಮ ಇಬ್ಬರೂ ಬೀದಿಯ ಕಡೆಯಿಂದ ನಿಚ್ಚಣಿಕೆ ಹಚ್ಚಿ ಮಾಳಿಗೆ ಏರಿದರು. ಹಿಂದೆ ನಮ್ಮ ಯಜಮಾನರು. ಬೇಡ ಎಂದರೂ ಕೇಳಲಿಲ್ಲ, ಪ್ಲಾಸ್ಟಿಕ್ ಕುರ್ಚಿಯನ್ನೂ ಮೇಲೆ ತರಿಸಿಕೊಂಡರು. ನಾನು, ಸೊಸೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆವು. ನಾದಿನಿ ಪಕ್ಕದ ಕೋಣೆಯಲ್ಲಿ ಗೋಡೆಗೆ ಒರಗಿ ಪೂಜೆಗೆ ಕೂತಿದ್ದಳು.

ಮೇಲಿಂದ ಗೌಂಡಿಯ ದನಿ ಕೇಳಿಸಿತು. “ಸಾವ್ಕಾರ್ರ, ಇದೇನ್ರಿ ಮಣ್ಣು, ತೆಗದಷ್ಟೂ ಅದ! ಮೊಣಕಾಲ್ತನ ಬಂತು, ಇನ್ನೂ ಜಂತಿ ಕಾಣವಲ್ದು. ಓಣ್ಯಾಗ ಒಗಿಲೇನ್ರಿ?”

“ಒಗೀಬ್ಯಾಡೋ ಮಾರಾಯ! ಇಂಥಾ ಸವುಳ ಮಣ್ಣು ಈಗ ಎಲ್ಲಿ ಸಿಗ್ತದ? ಕೆರಿ ದಂಡಿಗೆ ಎಲ್ಲಾ ಪ್ಲಾಟ್ ಹಾಕ್ಯಾರ. ಅಲ್ಲೇ ಮಗ್ಗಲಾಗ ಗುಂಪಿ ಹಾಕು, ಮತ್ತ ಮುಚ್ಚಾಕ ಬೇಕಾಗ್ತದ.”

ನಮಗೂ ಅದು ಸರಿ ಎನ್ನಿಸಿತು. ಒಳ್ಳೆಯ ಮಣ್ಣನ್ನು ಯಾರು ಬೀದಿಗೆ ಎಸೆಯುತ್ತಾರೆ? ಒಂದೊಂದೇ ಬುಟ್ಟಿ ಧಪ್ಪೆಂದು ನಮ್ಮ ತಲೆಯ ಮೇಲೆ ಬೀಳುವುದನ್ನು ಕೇಳುತ್ತ ರೊಟ್ಟಿ ಬಡಿದೆವು.

ಆಮೇಲೆ ಹಾರೆಯ ಸಪ್ಪಳವಾಯಿತು. ಜಂತಿ ಮುರಿಯಿತು. ಸಂದಿಯೊಳಗೆ ಒಂದು ರಾಶಿ ಮಣ್ಣು ಬಿದ್ದು ಧೂಳೆದ್ದಿತು. ಧೂಳಿನ ನಡುವೆ ಬೆಳಕು ನೆಟ್ಟಗೆ ಇಳಿಯಿತು.

ಸೊಸೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದಳು. “ಅತ್ತೀ, ಬರ್ರಿ ನೋಡ್ರಿ! ನಮ್ಮ ಸಂದಿ ಅನ್ನಸವಲ್ದು!”

ನಾನು ಹೋಗಿ ನೋಡಿದೆ. ಅವಳು ನೆಲ ನೋಡುತ್ತಿದ್ದಳು, ಗೋಡೆ ನೋಡುತ್ತಿದ್ದಳು. ನಾನು ಮೇಲೆ ನೋಡಿದೆ. ಈ ಮನೆಗೆ ಬಂದಾಗಿನಿಂದ ನಾನು ಆ ತೊಲೆಯನ್ನು ನೋಡಿಯೇ ಇರಲಿಲ್ಲ. ಅಲ್ಲಿ ಮೇಲೆ ಇದ್ದದ್ದು ಮಸಿ ಮತ್ತು ಕತ್ತಲೆ. ಈಗ ಕಂಡಿತು. ಕಿಂಡಿಯ ಪಕ್ಕದ ತೊಲೆ, ಅಡುಗೆಮನೆಯ ಬಾಗಿಲಿನಿಂದ ಸ್ವಲ್ಪವೇ ಮುಂದೆ, ಹೊಟ್ಟೆ ಬಿಟ್ಟುಕೊಂಡು ಕೆಳಗೆ ಬಾಗಿತ್ತು. ಹೊಟ್ಟೆಯ ನಡುವೆ ಬೆರಳು ತೂರುವಷ್ಟು ಸೀಳು. ಸೀಳಿನೊಳಗೆ ಮರವೇ ಇಲ್ಲ, ಗೆದ್ದಲು ತಿಂದು ಬಿಟ್ಟ ಮಣ್ಣು. ಅದು ಸಣ್ಣಗೆ, ಜರಡಿ ಹಿಡಿದಂತೆ ಉದುರುತ್ತಿತ್ತು. ಮೇಲಿನ ಗುಂಪಿಯೆಲ್ಲ ಆ ತೊಲೆಯ ಮೇಲೆಯೇ ಬಿದ್ದಿತ್ತು.

“ಬುಟ್ಟಿ ಹಾಕಬ್ಯಾಡ್ರೋ!” ಎಂದು ಕೂಗಿದೆ. “ತೊಲಿ ಸೀಳ್ಯಾದ! ಮಣ್ಣು ಹಾಕಬ್ಯಾಡ್ರೋ!”

“ಏನದು ಕೆಳಗ? ಏನಂತೀ?” ಯಜಮಾನರು ಕುರ್ಚಿಯಿಂದ ಎದ್ದರು. ಅವರ ಹೆಜ್ಜೆ ನಮ್ಮ ಕಡೆಗೇ ಬಂತು. ಹೆಜ್ಜೆಗೊಂದು ಹಿಡಿ ಮಣ್ಣು ಉದುರಿತು.

“ಅಲ್ಲೇ ನಿಂದರ್ರಿ! ಒಂದ ಹೆಜ್ಜಿ ಇಟ್ಟ್ರ ನಮ್ಮ ಮ್ಯಾಲ ಬೀಳ್ತೀರಿ!”

ಮದುವೆಯಾದಾಗಿನಿಂದ ಆ ಮನುಷ್ಯ ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ಅವತ್ತೇ.

ಗೌಂಡಿ ಇಳಿದು ಬಂದು ಪಡಸಾಲೆಯ ಕಡೆಯ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಕಾಲಿಡಲಿಲ್ಲ. ಬಾಯಿಯ ಎಲೆಅಡಿಕೆ ಉಗುಳಿ ಬಂದು ಮತ್ತೊಮ್ಮೆ ನೋಡಿದ.

“ಅವ್ವಾರ, ತೊಲಿ ಹೋಗ್ಯಾದ್ರಿ. ಮಣ್ಣು ಈಗ ಹಿಂದಕ ಜಗ್ಗಾಕ ಹೋದ್ರ ಅದುರ್ತದ. ಕೆಳಗ ಆಸರಿಗೆ ಕಂಬ ಬೇಕು. ತಮ್ಮನ್ನ ಕಳಸ್ತೀನಿ, ಆ ಕಡೆ ಓಣ್ಯಾಗ ನಂದೊಂದು ಕೆಲಸ ಅದ, ಕಂಬ ಅಲ್ಲೇ ಅವ.”

“ಅಲ್ಲೀತನ ನಾವು ಅಡಗಿಮನ್ಯಾಗ ಕುಂದ್ರಬೇಕೇನು?”

ಅವನು ತಲೆ ಕೆರೆದುಕೊಂಡ. “ಅದೂ ಆಗಂಗಿಲ್ರಿ. ತೊಲಿ ತುದಿ ಆ ಮುದುಕವ್ವನ ಕೋಣಿ ಗ್ವಾಡಿ ಮ್ಯಾಲೇ ಕುಂತಾದ. ಬಿದ್ರ ಗ್ವಾಡೀನೂ ಜಗ್ಗಕೊಂಡ ಬೀಳ್ತದ. ಬರೂದಾದ್ರ ಈಗೇ ಬರ್ರಿ. ಒಬ್ಬೊಬ್ಬರು, ಗದ್ದಲಿಲ್ದ.”

ಸೊಸೆ ನನ್ನ ಮುಖ ನೋಡಿದಳು. ನಾನು ನಾದಿನಿಯ ಕೋಣೆಗೆ ಹೋದೆ.

ಅವಳು ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಡಗೈಯನ್ನು ಮುಖದ ಮಟ್ಟಕ್ಕೆ ಹಿಡಿದಿದ್ದಳು. ಅಂಗೈಯಲ್ಲಿ ಲಿಂಗ. ಕಣ್ಣು ಅರ್ಧ ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಲಿಂಗ ಅಂಗೈಗೆ ಬಂತೆಂದರೆ ಅವಳು ಮಾತಾಡುವುದಿಲ್ಲ, ಏಳುವುದಿಲ್ಲ. ಮನೆಗೆ ನೆಂಟರು ಬರಲಿ, ಮಗು ಅಳಲಿ, ಒಲೆಯ ಮೇಲೆ ಹಾಲು ಉಕ್ಕಲಿ. ನಾನೂ ಕೊರಳಿಗೆ ಲಿಂಗ ಕಟ್ಟಿಕೊಂಡವಳೇ, ಆದರೆ ನನ್ನದು ಸ್ನಾನ ಮಾಡಿ ಎರಡು ನಿಮಿಷ. ಅವಳದು ಹಾಗಲ್ಲ. ಸೋಮವಾರವಂತೂ ಬಲು ಉದ್ದ.

“ಅಕ್ಕಾ, ಏಳು. ತೊಲಿ ಬೀಳಾಕತ್ತದ.”

ತುಟಿ ಅಲುಗುತ್ತಲೇ ಇತ್ತು.

“ಅಕ್ಕಾ, ಕೇಳ್ಸಾಕತ್ತದೋ ಇಲ್ಲೋ? ಹೊರಗ ಹೋಗಿ ಪೂಜಿ ಮಾಡು. ಶಿವ ಅಲ್ಲೂ ಇರ್ತಾನ.”

ಅವಳು ತಲೆಯನ್ನು ಸಣ್ಣಗೆ ಅಡ್ಡ ಆಡಿಸಿದಳು. ಕೇಳಿಸಿತ್ತು. ಒಲ್ಲೆ ಎಂದಳು, ಅಷ್ಟೇ. ಬಲಗೈಯಿಂದ ಬಾಗಿಲ ಕಡೆ ತೋರಿಸಿದಳು, ನೀವು ಹೋಗಿ ಎನ್ನುವಂತೆ.

“ಸಾಯೂದಿದ್ರ ಆಮ್ಯಾಲ ಸಾಯಿ! ಈಗ ನಾನು, ನಿನ್ನ ಸೊಸಿ ಇಬ್ರೂ ನಿನ್ನ ಸಂಗಾಟ ಒಳಗ ಅದೀವಿ. ನಿನ್ನ ತಮ್ಮ ಮ್ಯಾಲ ಕಾಗಿ ಹಂಗ ನಿಂತಾನ!”

ಸೊಸೆ ಅವಳ ಕೈ ಹಿಡಿಯಲು ಬಾಗಿದಳು. ನಾನು ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಆ ಕೈ ಮುಟ್ಟಬಾರದು. ಮುಟ್ಟಿ, ಜಗ್ಗಿ, ಲಿಂಗ ನೆಲಕ್ಕೆ ಬಿದ್ದರೆ ಆ ಮುದುಕಿ ಅವತ್ತಿನಿಂದ ಅನ್ನ ಬಿಡುವವಳು. ತೊಲೆಯಿಂದ ಉಳಿಸಿ ಹಸಿವಿನಿಂದ ಕೊಂದ ಹಾಗೆ ಆಗುತ್ತಿತ್ತು. ಸಂದಿಯಲ್ಲಿ ಮತ್ತೆ ಮಣ್ಣು ಸುರಿದ ಸದ್ದು. ಮರ ಒಮ್ಮೆ ಕಿರ್ರ್ ಎಂದಿತು.

“ಅತ್ತೀ, ಏನ್ ಮಾಡೂದ್ರಿ?” ಸೊಸೆ ಕೇಳಿದಳು.

“ಕೌದಿ ಹಿಡಿ. ಕುಂತಂಗೇ ಎಳಿಯೂದು.”

ನಾದಿನಿಯ ಕೆಳಗಿದ್ದ ಕೌದಿ ದಪ್ಪನೆಯದು, ಹಳೇ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದು. ಸಂದಿಯ ನೆಲ ಪರಸಿ ಹಾಸುಗಲ್ಲಿನದು, ಕಾಲಾಡಿ ನುಣ್ಣಗಾಗಿದೆ. ಹಾಸಿಗೆ ನೆಲದ ಮೇಲೆಯೇ ಇತ್ತು, ಮಂಚ ಇದ್ದಿದ್ದರೆ ಆಗುತ್ತಿರಲಿಲ್ಲ. ಸೊಸೆ ಮುಂದಿನ ಎರಡು ಮೂಲೆ ಹಿಡಿದಳು. ನಾನು ನಾದಿನಿಯ ಹಿಂದೆ ಬಗ್ಗಿ, ಗೋಡೆಯ ಬದಲು ನನ್ನ ಎದೆಗೆ ಅವಳ ಬೆನ್ನು ಕೊಟ್ಟುಕೊಂಡೆ. ಅವಳಿಗೆ ಟೊಂಕ ನೊಂದಿತು, ಹಲ್ಲಿನ ಸಂದಿಯಿಂದ ಸ್ಸ್ ಎಂದಳು. ಕೈ ಅಲುಗಲಿಲ್ಲ. ಬಲಗೈಯನ್ನು ತಂದು ಎಡಗೈಯ ಕೆಳಗೆ ಆನಿಸಿದಳು. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

“ಎಳಿ. ಜಗ್ಗಬ್ಯಾಡ. ಹಗೂರಕ ಎಳಿ.”

ಕೌದಿ ಜಾರಿತು. ಕೋಣೆಯ ಹೊಸ್ತಿಲು ದಾಟುವಾಗ ಅವಳ ತೂಕವೆಲ್ಲ ನನ್ನ ತೋಳಿಗೆ ಬಂತು. ಪಡಸಾಲೆಯ ಬಾಗಿಲಲ್ಲಿ ಗೌಂಡಿ ಎರಡೂ ಕೈ ಚಾಚಿ ನಿಂತಿದ್ದ. ಸಂದಿಗೆ ಇಳಿದೆವು. ತೊಲೆಯ ಕೆಳಗೆ ಬಂದೆವು. ಉದುರುವ ಮಣ್ಣು ನನ್ನ ಕತ್ತಿನ ಹಿಂದೆ ಬಿದ್ದು ರವಿಕೆಯೊಳಗೆ ಇಳಿಯಿತು. ನಾದಿನಿಯ ನೆತ್ತಿಯೆಲ್ಲ ಮಣ್ಣಾಯಿತು. ಅವಳು ಲಿಂಗದ ಮೇಲೆ ಮಣ್ಣು ಬೀಳದಂತೆ ತಲೆಯನ್ನೇ ಮುಂದೆ ಬಾಗಿಸಿ ಮರೆ ಮಾಡಿದಳು. ಅಲ್ಲಿ ಬಿದ್ದ ಮಣ್ಣಿನ ರಾಶಿಗೆ ಕೌದಿ ಸಿಕ್ಕಿ ನಿಂತುಬಿಟ್ಟಿತು.

“ಬರವಲ್ದು ಅತ್ತೀ!”

“ನೋಡಬ್ಯಾಡ ಮ್ಯಾಲ. ಬಲಕ್ಕ ಹೊಳ್ಳಸು. ಗ್ವಾಡಿ ಮಗ್ಗಲಿಂದ.”

ನಾನು ಹೇಳಿದ್ದು ಅವಳಿಗೆ, ಮೇಲೆ ನೋಡಿದ್ದು ನಾನು. ಸೀಳು ಈಗ ಎರಡು ಬೆರಳಿನಷ್ಟಿತ್ತು. ಕಿಂಡಿಯ ಆಚೆ ಯಜಮಾನರ ಎರಡು ಪಾದ ಕಂಡವು, ಚಪ್ಪಲಿ ಬಿಟ್ಟ ಪಾದ, ಮಣ್ಣಿನಲ್ಲಿ ನೆಟ್ಟ ಹಾಗೆ. ನಾನು ಮೊಣಕಾಲೂರಿ ಹಿಂದಿನಿಂದ ದಬ್ಬಿದೆ. ಕೌದಿ ಹೊರಳಿತು, ಹೊಲಿಗೆ ಪರ್ರೆಂದು ಹರಿಯಿತು. ಗೌಂಡಿ ಒಂದು ಮೂಲೆ ಹಿಡಿದು ಎಳೆದ. ಮೂವರೂ ಪಡಸಾಲೆಗೆ ಬಂದು ಬಿದ್ದೆವು.

ನಾದಿನಿಯ ಅಂಗೈಯಲ್ಲಿ ಲಿಂಗ ಹಾಗೇ ಇತ್ತು, ಪೂಜೆ ನಡೆದೇ ಇತ್ತು. ಪಡಸಾಲೆಯ ಕಂಬಕ್ಕೆ ಒರಗಿಸಿದೆವು. ಅಷ್ಟರಲ್ಲಿ ಗೌಂಡಿಯ ತಮ್ಮ ಕಂಬ ಹೊತ್ತು ತಂದ. ಇಬ್ಬರೂ ಉಸಿರು ಬಿಗಿಹಿಡಿದು ಒಳಗೆ ಹೋಗಿ, ತೊಲೆಗೆ ಒಂದು ಈ ಕಡೆ, ಒಂದು ಆ ಕಡೆ ಆಸರೆ ನಿಲ್ಲಿಸಿದರು. ಆಮೇಲೆ ಯಜಮಾನರಿಗೆ “ಈಗ ಇಳಿರಿ” ಎಂದರು. ಅವರು ನಿಚ್ಚಣಿಕೆಯ ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಮಣ್ಣು ಏನು ಮಾಡಲಿ ಎಂದು ಗೌಂಡಿ ಕೇಳಿದ್ದಕ್ಕೆ ಕೈ ಬೀಸಿದರು, ಎಲ್ಲಾದರೂ ಒಗೆ ಎಂದು.

ನಾದಿನಿ ಪೂಜೆ ಮುಗಿಸಿದಳು. ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಬಾಯಿ ತೆರೆದಳು.

“ಎಂಥಾ ಹೆಂಗಸರಬೇ ನೀವು? ಪರಗಂಡಸರ ಮುಂದ ನನ್ನನ್ನ ಜ್ವಾಳದ ಚೀಲ ಎಳದಂಗ ಎಳಕೊಂಡ ಬಂದ್ರಿ. ತಲಿ ಮ್ಯಾಲ ಸೆರಗರ ಹಾಕಬಾರ್ದಾ?”

“ಹಾಕಿದ್ದೆ. ಮಣ್ಣಿನ ಭಾರಕ್ಕ ಜಾರ್ತು,” ಎಂದೆ. ಅದು ಸುಳ್ಳು. ಸೆರಗಿನ ನೆನಪೇ ನನಗೆ ಬಂದಿರಲಿಲ್ಲ.

ತೊಲೆ ಬದಲಿಸುವತನಕ ಎಲ್ಲರೂ ಪಡಸಾಲೆಯಲ್ಲೇ ಉಂಡೆವು, ಅಲ್ಲೇ ಮಲಗಿದೆವು. ಹಳೇ ತೊಲೆಯನ್ನು ಇಳಿಸುವಾಗ ಅದು ಗೌಂಡಿಯ ಕೈಯಲ್ಲೇ ಎರಡು ತುಂಡಾಯಿತು. ಅದರ ಬದಲು ಕಬ್ಬಿಣದ್ದು ಕೂಡಿಸಿದರು, ಮಣ್ಣು ಹಗುರ ಮಾಡಿದರು, ಕಿಂಡಿಗೆ ದಪ್ಪ ಗಾಜು ಹಾಕಿದರು.

ಕೆಲಸ ಮುಗಿದ ಮೇಲೆ ನಾದಿನಿಯನ್ನು ನಾನೇ ಎಬ್ಬಿಸಿ ಸಂದಿಗೆ ಕರೆತಂದೆ. ಅವಳು ಗಾಜಿನ ಕೆಳಗೆ ನಿಂತಳು. ಮಬ್ಬುಗಣ್ಣಿಗೂ ಅಷ್ಟು ಬೆಳಕು ಕಂಡಿತು ಎಂದು ಕಾಣುತ್ತದೆ. ಈ ಗೋಡೆ ನೋಡಿದಳು, ಆ ಗೋಡೆ ನೋಡಿದಳು.

“ಇಷ್ಟು ಇಕ್ಕಟ್ಟು ಅದ ಏನಬೇ ಇದು? ಹುಟ್ಟಿದಾಗಿಂದ ಅಡ್ಡಾಡೀನಿ, ಭಾಳ ದೊಡ್ಡದದ ಅಂತ ತಿಳದಿದ್ದೆ.”

“ಇಷ್ಟೇ ಅದ. ನಡಿ.”

“ದಬ್ಬಬ್ಯಾಡ ಏ ಹುಡುಗೀ, ನಡೀತೀನಿ,” ಎಂದು ಗೋಡೆ ತಡವದೆ ಸಂದಿಯ ನಟ್ಟನಡುವೆ ಕಾಲಿಟ್ಟಳು.