ಒದ್ದೆ ಬಟ್ಟೆಯ ಮೇಲೊಂದು ಮರಳಿನ ಕಣ

ಹರಿಹರದ ಓಣಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಶೆಡ್ಡಿನ ಬಾಗಿಲಲ್ಲಿ ಕೂತ ರುಮಾನಾ, ತಾಮ್ರದ ಸುರುಳಿಯ ಒಂದು ತುದಿಯಿಂದ ನೈಟ್ರೋಜನ್ ಅನಿಲ ಹಾಯಿಸಿ, ಇನ್ನೊಂದು ತುದಿಗೆ ಒದ್ದೆ ಕರಿಬಟ್ಟೆ ಹಿಡಿದಿದ್ದಾರೆ. ಬಟ್ಟೆಯನ್ನು ಬಲ್ಬಿನಡಿ ತಿರುಗಿಸಿ ನೋಡುತ್ತಾರೆ. ಒಂದು ಮರಳಿನ ಕಣ.

"ಒಂದೇ ಐತಲ್ಲವ್ವ" ಎನ್ನುತ್ತಾರೆ ತಂದೆ ಮಕ್ತುಮ್ ಸಾಬ್.

"ಕಂಡಿದ್ದು ಒಂದು ಅಬ್ಬಾ. ಒಳಗೆ ಎಷ್ಟು ಕುಂತಾವೋ."

ದಾವಣಗೆರೆಯ ವಿದ್ಯಾನಗರದಲ್ಲಿ ಕೀರ್ತನಾ ಎಂಬವರು ಸಣ್ಣದೊಂದು ಪ್ರಯೋಗಾಲಯ ನಡೆಸುತ್ತಾರೆ. ಬೆಳೆಯ ಬೇರಿಗೆ ಬಲ ಕೊಡುವ ಸೂಕ್ಷ್ಮಜೀವಿಗಳ ತಳಿಗಳನ್ನು ಮೈನಸ್ ಎಂಬತ್ತು ಡಿಗ್ರಿಯಲ್ಲಿ ಕಾಪಿಡಬೇಕು. ಅವರ ಹಳೆಯ ಫ್ರೀಜರ್ ಕೆಟ್ಟಿದೆ. ತಳಿಗಳೆಲ್ಲ ಈಗ ಡ್ರೈ ಐಸ್ ಪೆಟ್ಟಿಗೆಯಲ್ಲಿವೆ, ಆ ಐಸ್ ಸಂಜೆಯವರೆಗಷ್ಟೇ. ಗುಜರಿ ಕಂಪ್ರೆಸರ್‌ಗಳಿಂದ ರುಮಾನಾ ಕಟ್ಟಿದ ಹೊಸ ಫ್ರೀಜರ್ ಅಲ್ಲಿ ಕಾದು ನಿಂತಿದೆ. ಬಾಕಿ ಇರುವುದು ಈ ಸುರುಳಿ ಮಾತ್ರ.

ಫ್ರೀಜರಿನೊಳಗೆ ಎರಡು ಯಂತ್ರಗಳಿವೆ. ಮೊದಲನೆಯದರ ತಂಪು ಎರಡನೆಯದಕ್ಕೆ ದಾಟುವುದು ಈ ಸುರುಳಿಯಲ್ಲಿ. ದಪ್ಪ ಕೊಳವೆಯೊಳಗೆ ಸಣ್ಣ ಕೊಳವೆ ತೂರಿಸಿ, ನಡುವೆ ಮರಳು ತುಂಬಿ ಸುತ್ತಬೇಕು. ಮರಳಿಲ್ಲದಿದ್ದರೆ ಬಾಗಿಸುವಾಗ ತಾಮ್ರ ನಜ್ಜಾಗುತ್ತದೆ. ಆಮೇಲೆ ಒಳಗೆ ಮರಳು ಉಳಿದರೆ ಮುಂದಿನ ಕೂದಲೆಳೆಯಂಥ ನಳಿಯಲ್ಲಿ ಸಿಕ್ಕಿ, ತಂಪು ಅಲ್ಲಿಗೇ ನಿಲ್ಲುತ್ತದೆ.

ಮಕ್ತುಮ್ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಮನೆಗೆ ಸ್ಟೀಲು ಬಂದ ಮೇಲೆ ಫ್ರಿಜ್ ರಿಪೇರಿಗೆ ಇಳಿದರು. ಬೆಸುಗೆಯ ಬೆಂಕಿಯನ್ನು ಮಗಳು ಅವರಿಂದಲೇ ಕಲಿತದ್ದು. ಒಂದು ಕಣಕ್ಕೆ ಹೀಗೆ ತಲೆ ಕೆಡಿಸಿಕೊಳ್ಳುವುದು ಮಾತ್ರ ಆಕೆಯ ಸ್ವಂತದ್ದು.

"ನಿನ್ನ ಗಂಡನ ಮನೀಗೆ ಕಳಿಸೋವಾಗ್ಲೂ ನಾನಿಷ್ಟು ಯೋಚ್ನೆ ಮಾಡಿರ್ಲಿಲ್ಲ" ಎಂದು ತಂದೆ ನಗುತ್ತಾರೆ.

"ಅದಕ್ಕೇ ವರ್ಷ ತುಂಬೋದ್ರೊಳಗೆ ವಾಪಸ್ ಬಂದೆ."

ರುಮಾನಾರ ಕೈ ಸುರುಳಿಯ ಮೇಲೇ ಇದೆ. ಮರಳು ತೆಗೆಯಲು ಬೆಸುಗೆ ಬಿಚ್ಚಿದರೆ ಮತ್ತೆ ಹಾಕಬೇಕು, ಸೋಪಿನ ನೀರು ಹಚ್ಚಿ ಸೋರಿಕೆ ನೋಡಬೇಕು. ಅಷ್ಟರಲ್ಲಿ ಐಸ್ ಮುಗಿದರೆ? ಬಿಚ್ಚದೆ ಒಯ್ದು, ಅಲ್ಲಿ ನಳಿ ಕಟ್ಟಿಕೊಂಡರೆ?

ಕೀರ್ತನಾಗೆ ಫೋನ್ ಮಾಡುತ್ತಾರೆ. "ಮೇಡಂ, ತಡ ಆಗ್ತೈತೆ. ಪೆಟ್ಟಿಗೆ ಮುಚ್ಚಳ ತೆಗೀಬ್ಯಾಡ್ರಿ."

ಬೆಸುಗೆ ಬಿಚ್ಚಿ, ಮರದ ಕೊಡತಿಯಿಂದ ತಟ್ಟುತ್ತಾರೆ. ಬಟ್ಟೆಯ ಮೇಲೆ ಚಿಟಿಕೆಯಷ್ಟು ಮರಳು ಉದುರುತ್ತದೆ. ತಂದೆ ಗ್ಯಾಸ್ ಟಾರ್ಚ್ ಹಚ್ಚಿಕೊಡುತ್ತಾರೆ.

ವಿದ್ಯಾನಗರದಲ್ಲಿ ಸುರುಳಿ ಜೋಡಿಸಿ ಫ್ರೀಜರ್ ಚಾಲೂ ಮಾಡುವಾಗ ಮಧ್ಯಾಹ್ನ ದಾಟಿದೆ. ಅಂಕಿ ಇಳಿಯುತ್ತದೆ. ಮೈನಸ್ ನಲವತ್ತರ ಬಳಿ ತಡೆದು ನಿಲ್ಲುತ್ತದೆ. ರುಮಾನಾ ಕಂಪ್ರೆಸರಿಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಆಮೇಲೆ ನಲವತ್ತೊಂದು, ನಲವತ್ತೆರಡು. ಬಿಸಿಲು ಇಳಿಯುವ ಹೊತ್ತಿಗೆ ಎಂಬತ್ತು. ಪೆಟ್ಟಿಗೆಯ ತಳದಲ್ಲಿ ಐಸ್ ಇನ್ನೂ ಒಂದು ಹಿಡಿಯಷ್ಟಿದೆ.

ತಳಿಗಳನ್ನು ಒಳಗಿಟ್ಟ ಕೀರ್ತನಾ, "ಬಾಗಿಲ ಮೇಲೆ ನಿಮ್ಮ ಹೆಸರು ಬರೆಸೋಣ" ಎನ್ನುತ್ತಾರೆ.

"ಹೆಸರು ಬ್ಯಾಡ್ರಿ, ಫೋನ್ ನಂಬರ್ ಬರೆಸ್ರಿ. ಏನಾದ್ರೂ ಆದ್ರೆ ಮೊದ್ಲು ನಂಗೇ ಗೊತ್ತಾಗ್ಬೇಕು."