ಅಳಿಸಿ ಬರೆದ ಅಂಕಿ

ಎಂಬತ್ತರ ದಶಕದಲ್ಲಿ ಹೆಬ್ಬಾಳದ ಒಂದು ಕಚೇರಿಯಲ್ಲಿ ನನಗೆ ತಾತ್ಕಾಲಿಕ ಕೆಲಸ. ಒಂದೊಂದು ರಾತ್ರಿಯ ಆಕಾಶದ ಚಿತ್ರವಿರುವ ಗಾಜಿನ ಪ್ಲೇಟುಗಳಲ್ಲಿ ಚುಕ್ಕಿಗಳ ಹೊಳಪು ಅಳೆಯಬೇಕು. ನನಗಿಂತ ಮುಂಚೆ ಇದ್ದವರನ್ನು ಎರಡು ತಪ್ಪಿಗೇ ಮನೆಗೆ ಕಳಿಸಿದ್ದರು.

ಒಂದು ಚುಕ್ಕಿ ಬ್ಲೇಜಾರ್, ಅಂದರೆ ಬಹುದೂರದ ಗೆಲಾಕ್ಸಿಯೊಂದರ ಉರಿಯುವ ನಡುಭಾಗ. ವರ್ಷಗಳಿಂದ ನಿಧಾನವಾಗಿ ಮಂಕಾಗುತ್ತಿದ್ದ ಅದು, ಒಂದು ಪ್ಲೇಟಿನಲ್ಲಿ ಮಾತ್ರ ಹಿಂದಿನ ದಿನದ ಎರಡು ಪಟ್ಟು ಹೊಳೆಯಿತು. ನನ್ನ ಕಣ್ಣೇ ತಪ್ಪಿತೆಂದು ಹೆದರಿ, ಅಂಕಿ ಅಳಿಸಿ, ಹಿಂದುಮುಂದಿನ ದಿನಗಳ ಅಂಕಿಗಳಿಗೆ ಹೊಂದುವಂತೆ ಬರೆದೆ.

ಮರುವಾರ ಹೊರಗಿನಿಂದ ಬಂದ ವಿಜ್ಞಾನಿಯೊಬ್ಬರು ಆ ಹಾಳೆಯನ್ನು ಬೆಳಕಿಗೆ ಹಿಡಿದರು.

“ಇಲ್ಲಿ ಅಳಿಸಿರೋದು ಯಾರು?”

“ನಾನೇ ಸಾರ್. ಮೊದಲು ಬರೆದಿದ್ದು ತಪ್ಪಿರ್ಬೇಕು ಅನ್ನಿಸ್ತು.”

“ನನ್ನೆದುರಿಗೇ ಇನ್ನೊಂದ್ಸಲ ಅಳೆದು ತೋರಿಸಿ.”

ಪ್ಲೇಟು ತೆಗೆದು ಮತ್ತೆ ಅಳೆದೆ. ಅದೇ ಎರಡು ಪಟ್ಟು ಬಂತು. ಅಂಕಿಯನ್ನು ತುಟಿಯಲ್ಲೇ ಗೊಣಗಿದೆ.

“ಗಟ್ಟಿಯಾಗಿ ಹೇಳ್ರೀ!”

ಹೇಳಿದೆ. ಅವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು.

“ಇದು ವರ್ಷಗಟ್ಟಲೆ ಮಂಕಾಗುತ್ತೆ, ಆಮೇಲೆ ಒಂದೇ ದಿನಕ್ಕೆ ಭಗ್ ಅಂತ ಉರಿಯುತ್ತೆ. ನಾವು ಹುಡುಕ್ತಿರೋದೇ ಅದನ್ನ. ನೀವು ಅದನ್ನೇ ಅಳಿಸಿಟ್ಟಿದ್ದೀರಲ್ರೀ!”

ಆ ಅಳಿಸಿದ ಅಂಕಿಯ ದೆಸೆಯಿಂದಲೇ ಮರುವರ್ಷ ನನ್ನ ಕೆಲಸ ಖಾಯಂ ಆಯಿತು. ನಾನು ಸರಿಯಾಗಿ ಬರೆದಿದ್ದ ಸಾವಿರಾರು ಅಂಕಿಗಳ ಬಗ್ಗೆ ಮಾತ್ರ ಇವತ್ತಿನವರೆಗೂ ಯಾರೂ ಒಂದು ಮಾತು ಕೇಳಿಲ್ಲ.