ಸರ್ಜನ್ ಶೇಷಗಿರಿಯವರ ಮೂಗು

ಹಾಸನದಲ್ಲಿ ಕಂಕುಳ ನಾತಕ್ಕೆ ಆಪರೇಷನ್ ಮಾಡುತ್ತಿದ್ದ, ಮಡಿವಂತರ ಮನೆಯ ಸರ್ಜನ್ ಶೇಷಗಿರಿ ಕತ್ತರಿ ಹಿಡಿಯುವ ಮೊದಲು ರೋಗಿಯ ಕಂಕುಳಿಗೆ ಮೂಗನ್ನೇ ಇಡುತ್ತಿದ್ದರು. ಕಟ್ಟಿಕೊಂಡ ಹೆಂಡತಿಯೂ ಮುಖ ತಿರುಗಿಸುವ ಆ ಜಾಗದಲ್ಲಿ ಹೂವಿನಂಗಡಿಯೊಳಗೆ ನಿಂತವರಂತೆ ಉಸಿರೆಳೆದು, "ಇದಕ್ಕೆ ಪಟಿಕ ಉಜ್ಜಿದ್ರೆ ಸಾಕು, ಇದಕ್ಕೆ ಬೆವರಿನ ಗ್ರಂಥಿ ಕೆರೆದು ತೆಗೀಬೇಕು, ಇದಕ್ಕೆ ಚರ್ಮಾನೇ ಕತ್ತರಿಸ್ಬೇಕು" ಎಂದು ತೀರ್ಪು ಕೊಡುವಾಗ ಅರಕಲಗೂಡಿನಿಂದ ಬಂದವರು ದೇವರ ಮುಂದೆ ನಿಂತಂತೆ ಕೈಮುಗಿಯುತ್ತಿದ್ದರು. ಹಿರೀಸಾವೆ ಕಡೆಯ ಟೀಚರ್ ಜವರಮ್ಮ ಮಾತ್ರ ತೋಳೆತ್ತಲೂ ನಾಚಿದರು. "ಕುಯ್ದುಬುಡಿ ಸಾ. 'ನಿಮ್ ಕೇರಿಯೋರ ಮೈನಾತ ತಡಿಯಕ್ಕಾಗಲ್ಲ' ಅಂತ ಸ್ಟಾಫ್ ರೂಮಿಂದ ನನ್ ಕುರ್ಚಿನ ಆಚೆ ಹಾಕವ್ರೆ." ಶೇಷಗಿರಿ ಒಂದು ಕಂಕುಳಿಗೆ ಮೂಗಿಟ್ಟರು, ಇನ್ನೊಂದಕ್ಕೂ ಇಟ್ಟರು, ಮತ್ತೆ ಮೊದಲನೆಯದಕ್ಕೇ ಬಂದರು. ಅವರ ಮುಖ ಕೆಂಪೇರಿತು. "ಯಾವ ನಾತಾನೂ ಇಲ್ಲ ಕಣಮ್ಮ. ಆ ಮೂಗುಗಳನ್ನ ಇಲ್ಲಿಗೆ ಕಳಿಸು, ಅವನ್ನ ಕುಯ್ತೀನಿ."